ಗೇರುಸೊಪ್ಪೆ ಘಟ್ಟದಲ್ಲಿ ಎತ್ತದ ಕೈ

ಹೋದ ವಾರ ಕೆಂಗೇರಿಯ ನಮ್ಮ ಅಡ್ಡರಸ್ತೆಗೆ ಟಾರು ಹಾಕಿದರು. ಎರಡು ದಿನ ಮೊದಲೇ ಜಲ್ಲಿ ಸುರಿದು ಹೋಗಿದ್ದರು, ಅದರ ಮೇಲೆ ಮಳೆ ಬಿದ್ದು ಕಲ್ಲೆಲ್ಲ ನೆಂದಿತ್ತು. ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೊರಟವಳು ಗೇಟು ದಾಟಲಾರದೆ ನಿಂತೆ. ಕಾದ ಟಾರು ಮತ್ತು ಒದ್ದೆ ಜಲ್ಲಿ ಕೂಡಿದ ಆ ವಾಸನೆ ಬಡಿದರೆ ನನಗೆ ಇಂದಿಗೂ ಘಟ್ಟದ ಒಂದು ತಿರುವು ಕಣ್ಣ ಮುಂದೆ ಬರುತ್ತದೆ. ಪಕ್ಕದ ಮನೆಯವರು "ಏನ್ರೀ ಗೀತಾ, ಹುಷಾರಿಲ್ವಾ?" ಎಂದು ಕೇಳಿದರು. ಏನಿಲ್ಲ ಅಂದೆ. ಗೇಟಿನಲ್ಲಿ ನಿಂತು ಹೇಳುವಂಥದ್ದಲ್ಲ ಅದು. ನಾಲ್ಕು ವರ್ಷದ ಹಿಂದೆ, ಬೇಸಿಗೆಯಿಂದ ಮುಂದಿನ ಸಂಕ್ರಾಂತಿಯವರೆಗೆ, ನಾನು ಒಬ್ಬ ಹೆಂಗಸನ್ನು ಮನಸಾರೆ ದ್ವೇಷಿಸುತ್ತಿದ್ದೆ. ಅವರ ಮನೆಯಲ್ಲೇ ಬಾಡಿಗೆಗಿದ್ದೆ. ಕೊನೆಗೆ ಅವರ ಜೊತೆಯಲ್ಲೇ ಸೈಕಲ್ ತುಳಿದುಕೊಂಡು ಘಟ್ಟ ಇಳಿದೆ.

ಆಗ ನಾವಿದ್ದದ್ದು ಆರ್‌ಪಿಸಿ ಲೇಔಟಿನಲ್ಲಿ, ಸರೋಜಮ್ಮ ಎಂಬುವರ ಮನೆಯ ಮೊದಲ ಮಹಡಿಯಲ್ಲಿ. ನನ್ನ ಗಂಡ ಮಲ್ಲಿಕಾರ್ಜುನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ನಾನು ಬಸವೇಶ್ವರನಗರದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ದಿನವಿಡೀ ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು, ರಿಪೋರ್ಟ್ ಕೊಡುವುದು. ಸರೋಜಮ್ಮ ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದರು. ಐವತ್ತು ದಾಟಿತ್ತು. ಗಂಡ ಹೋಗಿ ಬಹಳ ವರ್ಷವಾಗಿತ್ತು, ಒಬ್ಬಳೇ ಮಗಳು ಮದುವೆಯಾಗಿ ಮೈಸೂರಿನಲ್ಲಿದ್ದಳು. ಈಗ ಲೇಔಟ್ ಆಗಿರುವ ಜಾಗದಲ್ಲಿ ಒಂದು ಕಾಲಕ್ಕೆ ಅವರ ಅಪ್ಪನ ರಾಗಿ ಹೊಲ ಇತ್ತಂತೆ. ಹಾಗಾಗಿ ಆ ಬೀದಿಯ ಪ್ರತಿಯೊಂದು ಮನೆಯೂ ತಮ್ಮನ್ನು ಕೇಳದೆ ತಮ್ಮ ಹೊಲದಲ್ಲಿ ಎದ್ದದ್ದು ಎನ್ನುವ ಧಾಟಿ ಅವರದು. ನಾವು ಮೆಟ್ಟಿಲು ಹತ್ತಿದರೆ ಸದ್ದು ಜಾಸ್ತಿ, ನಾವು ಒಣಗಹಾಕಿದ ಬಟ್ಟೆಯ ನೀರು ಅವರ ತುಳಸಿಕಟ್ಟೆಗೆ ತೊಟ್ಟಿಕ್ಕುತ್ತದೆ, ನಾವು ಒಗ್ಗರಣೆ ಹಾಕಿದರೆ ಅವರಿಗೆ ಕೆಮ್ಮು. ಬಾಡಿಗೆ ಮನೆ ಎಂದ ಮೇಲೆ ಇವೆಲ್ಲ ಇರುವಂಥದ್ದೇ. ಮೂರು ವರ್ಷ ಸಹಿಸಿದ್ದೆವು, ಇನ್ನೂ ಸಹಿಸುತ್ತಿದ್ದೆವೇನೋ. ಆ ಬೇಸಿಗೆಯಲ್ಲಿ ನಮ್ಮಪ್ಪ ಬಂದರು.

ಅಪ್ಪ ದಾವಣಗೆರೆಯಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದರು. ಉಸಿರಾಟದ ತೊಂದರೆ ಶುರುವಾಗಿತ್ತು. ನಾಲ್ಕು ದಿನ ಇಟ್ಟುಕೊಂಡು ಡಾಕ್ಟರಿಗೆ ತೋರಿಸಿ ಕಳಿಸೋಣವೆಂದು ಕರೆತಂದೆ. ಒಂದು ಪರೀಕ್ಷೆಗೆ ಇನ್ನೊಂದು ಕೂಡಿ ಇಪ್ಪತ್ತು ದಿನವಾಯಿತು. ಅಂಥ ಸ್ಥಿತಿಯಲ್ಲೂ ಅವರಿಗೆ ಬೀಡಿ ಬಿಡಲಾಗಿರಲಿಲ್ಲ. ನಾನು ಕೆಲಸಕ್ಕೆ ಹೋದ ಮೇಲೆ ಮೆಟ್ಟಿಲ ಮೇಲೆ ಕೂತು ಒಂದೆರಡು ದಮ್ಮು ಎಳೆಯುತ್ತಿದ್ದರು. ಒಂದು ಭಾನುವಾರ ಟ್ಯಾಂಕಿನಲ್ಲಿ ನೀರು ಖಾಲಿಯಾಯಿತು. ಸರೋಜಮ್ಮ ಮೇಲೆ ಬಂದು ಬಾಗಿಲಲ್ಲೇ ನಿಂತರು.

"ಏನಮ್ಮಾ ಗೀತಾ, ಇಬ್ಬರೇ ಇರೋದು ಅಂತ ತಾನೇ ಮನೆ ಕೊಟ್ಟಿದ್ದು? ನಾಲ್ಕು ದಿನ ಅಂದೆ, ಇಪ್ಪತ್ತು ದಿನ ಆಯ್ತು. ಇದೇನು ಮನೆನೋ ಛತ್ರಾನೋ?"

"ಆಂಟಿ, ಸ್ವಲ್ಪ ಮೆಲ್ಲಗೆ. ಅಪ್ಪ ಒಳಗಿದಾರೆ."

"ಇರಲಿ, ಕೇಳಿಸ್ಕೊಳ್ಳಲಿ. ಕಾಯಿಲೆಯವರನ್ನ ಇಟ್ಕೊಳ್ಳೋಕೆ ಊರು ತುಂಬ ಆಸ್ಪತ್ರೆ ಇವೆ. ನನ್ನ ಮೆಟ್ಲೇ ಬೇಕಾ?"

ಅಪ್ಪ ಕೇಳಿಸಿಕೊಂಡರು. ಮಾರನೆಯ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಪಂಚೆ ಉಟ್ಟು, ಚೀಲ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದರು. "ಊರಾಗೆ ಕೆಲ್ಸ ಐತವ್ವಾ, ಹೊಂಡ್ತೀನಿ" ಅಂದರು. ಊರಿನಲ್ಲಿ ಅವರಿಗೆ ಯಾವ ಕೆಲಸವೂ ಇರಲಿಲ್ಲ. ಮುಂದಿನ ವಾರ ಸ್ಕ್ಯಾನಿಂಗ್ ಇದೆ, ಅದು ಮುಗಿಸಿಕೊಂಡು ಹೋಗಿ ಎಂದು ಬೇಡಿಕೊಂಡೆ. ಕೇಳಲಿಲ್ಲ. ಮೆಟ್ಟಿಲಿಳಿಯುವಾಗ ಸದ್ದಾಗದಂತೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡರು. ಆಷಾಢದಲ್ಲಿ ಅವರು ತೀರಿಕೊಂಡರು.

ಊರಿಗೆ ಹೋಗಿ, ಎಲ್ಲ ಮುಗಿಸಿ, ಹನ್ನೆರಡು ದಿನದ ಮೇಲೆ ಬಂದಾಗ ಸರೋಜಮ್ಮ ಗೇಟಿನಲ್ಲಿದ್ದರು. "ಎಲ್ಲಿ ಹೋಗಿದ್ರಿ ಇಬ್ರೂ? ಹೇಳದೆ ಕೇಳದೆ ಬೀಗ ಹಾಕ್ಕೊಂಡು?" ಎಂದರು. ಊರಲ್ಲಿ ಕೆಲಸ ಇತ್ತು ಅಂದೆ. ಅಷ್ಟೇ. ಅಪ್ಪ ಸತ್ತ ಸುದ್ದಿ ಅವರ ಬಾಯಿಗೆ ಬೀಳುವುದು ನನಗೆ ಬೇಕಿರಲಿಲ್ಲ. ಮಲ್ಲಿಕಾರ್ಜುನ ಅವರಿಂದಲೂ, ಹೇಳುವುದಿಲ್ಲ ಎಂದು ಆಣೆ ಹಾಕಿಸಿಕೊಂಡೆ. ಬೇರೆ ಮನೆ ನೋಡೋಣ ಎಂದು ಅವರು ಹೇಳಿದರೆ ನಾನೇ ಬೇಡವೆಂದೆ. ಯಾಕೆ ಬೇಡವೆಂದೆ ಅಂತ ಆಗ ನನಗೂ ಗೊತ್ತಿರಲಿಲ್ಲ. ಈಗ ಅನಿಸುತ್ತದೆ, ದ್ವೇಷಕ್ಕೂ ಹತ್ತಿರದಲ್ಲಿ ಯಾರಾದರೂ ಬೇಕು.

ಆ ಮಳೆಗಾಲದಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ. ಬೆಳಕು ಹರಿಯುವ ಮುಂಚೆಯೇ ಎದ್ದು ಕೂತಿರುತ್ತಿದ್ದೆ. ಕ್ಲಿನಿಕ್ಕಿಗೆ ಬರುತ್ತಿದ್ದ ಮಂಗಳಾ ಮೇಡಂ, ಸರ್ಕಾರಿ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿ ನಿವೃತ್ತರಾದವರು, ನನ್ನ ಕಣ್ಣ ಕೆಳಗಿನ ಕಪ್ಪು ನೋಡಿ, "ಸೈಕಲ್ ಬರುತ್ತಾ?" ಎಂದು ಕೇಳಿದರು. ಬರುತ್ತಿತ್ತು. ಅಪ್ಪನೇ ಕಲಿಸಿದ್ದು, ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲಿನಲ್ಲಿ, ಹಿಂದಿನ ಸೀಟು ಹಿಡಿದು ಮೈದಾನದ ಸುತ್ತ ಓಡುತ್ತ. ಮೇಡಂ ಏಳೆಂಟು ಹೆಂಗಸರನ್ನು ಕಟ್ಟಿಕೊಂಡು ಬೆಳಿಗ್ಗೆ ಐದೂವರೆಗೆ ವಿಜಯನಗರದಿಂದ ಸೈಕಲ್ ಹೊರಡಿಸುತ್ತಿದ್ದರು. ನಾನೂ ಒಂದು ಹಳೆಯ ಗೇರ್ ಸೈಕಲ್ ಕೊಂಡು ಸೇರಿಕೊಂಡೆ. ಮಾಗಡಿ ರಸ್ತೆ ಹಿಡಿದು ತಾವರೆಕೆರೆವರೆಗೆ, ಭಾನುವಾರವಾದರೆ ಮಂಚನಬೆಲೆವರೆಗೆ. ತುಳಿಯುವಷ್ಟು ಹೊತ್ತು ತಲೆಯಲ್ಲಿ ಏನೂ ಇರುತ್ತಿರಲಿಲ್ಲ.

ಮೇಡಂ ಹತ್ತಿರ ಒಂದೇ ಒಂದು ಕಟ್ಟುನಿಟ್ಟು. ಸಾಲಾಗಿ ಹೋಗುವಾಗ ಮುಂದಿನವರು ರಸ್ತೆಯಲ್ಲಿ ಗುಂಡಿ, ಜಲ್ಲಿ, ದನ, ಏನು ಕಂಡರೂ ಎಡಗೈ ಮೇಲೆತ್ತಬೇಕು. ಅದನ್ನು ನೋಡಿದವರು ತಾವೂ ಎತ್ತಬೇಕು, ಹೀಗೆ ಕೊನೆಯವರವರೆಗೆ. "ಹಿಂದೆ ಇರೋರಿಗೆ ರಸ್ತೆ ಕಾಣಲ್ಲ, ನಿಮ್ಮ ಬೆನ್ನು ಮಾತ್ರ ಕಾಣುತ್ತೆ. ಅವರ ಮೂಳೆ ನಿಮ್ಮ ಕೈಯಲ್ಲಿದೆ, ಮರೀಬೇಡಿ" ಎನ್ನುತ್ತಿದ್ದರು. ಒಂದು ಸಲ ಕೈ ಎತ್ತುವುದನ್ನು ಮರೆತವಳನ್ನು ಆ ವಾರವಿಡೀ ಬರಬೇಡವೆಂದು ಮನೆಗೆ ಕಳಿಸಿದ್ದರು.

ಸೈಕಲ್ಲನ್ನು ನಾನು ಮೆಟ್ಟಿಲ ಕೆಳಗೆ ನಿಲ್ಲಿಸುತ್ತಿದ್ದೆ. ಮೂರನೆಯ ದಿನಕ್ಕೆ ಅದು ಗೇಟಿನ ಹೊರಗೆ ಮಳೆಯಲ್ಲಿ ನಿಂತಿತ್ತು. "ಮೆಟ್ಲ ಕೆಳಗೆ ಜಾಗ ಬಾಡಿಗೆಗೆ ಕೊಟ್ಟಿಲ್ಲಮ್ಮ" ಅಂದರು ಸರೋಜಮ್ಮ. ಅವತ್ತಿನಿಂದ ದಿನಾ ಹೆಗಲ ಮೇಲೆ ಹೊತ್ತು ಮಹಡಿಗೆ ಹತ್ತಿಸುತ್ತಿದ್ದೆ. ಬೇಕೆಂದೇ ಪ್ರತಿ ಮೆಟ್ಟಿಲಿಗೂ ಪೆಡಲ್ ತಾಗಿಸಿ ಸದ್ದು ಮಾಡುತ್ತಿದ್ದೆ.

ಶ್ರಾವಣದಲ್ಲಿ ಅವರು ಕ್ಲಿನಿಕ್ಕಿಗೆ ಬಂದರು. ಸುಸ್ತು, ಕಾಲು ಉರಿ ಎಂದು ಡಾಕ್ಟರು ರಕ್ತ ಪರೀಕ್ಷೆ ಬರೆದಿದ್ದರು. ನನ್ನನ್ನು ನೋಡಿ ಕೈ ಹಿಂದಕ್ಕೆಳೆದುಕೊಂಡರು. "ಬೇರೆ ಯಾರೂ ಇಲ್ವಾ?" ಅಂದರು. ಇರಲಿಲ್ಲ. ರಕ್ತ ತೆಗೆದೆ. ಬೇಕೆಂದು ನೋಯಿಸಲಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ. ಖಾಲಿ ಹೊಟ್ಟೆಯ ಸಕ್ಕರೆಯೇ ಇನ್ನೂರು ದಾಟಿತ್ತು. ರಿಪೋರ್ಟ್ ಕೊಟ್ಟಾಗ, "ನಿನ್ನ ಮಿಷನ್ ಸರಿ ಇಲ್ಲ" ಎಂದು ಇನ್ನೊಂದು ಕಡೆ ಮಾಡಿಸಿದರು. ಅಲ್ಲಿಯೂ ಅಷ್ಟೇ ಬಂತು. ಮಾತ್ರೆ ಜೊತೆಗೆ ದಿನಾ ಮೈ ಬೆವರಬೇಕು ಎಂದು ಡಾಕ್ಟರು ಹೇಳಿದ್ದೇ ತಡ, ಮಗಳ ಕೈಯಲ್ಲಿ ಹೊಸ ಗೇರ್ ಸೈಕಲ್ ತರಿಸಿಕೊಂಡು, ಒಂದು ಬೆಳಿಗ್ಗೆ ಚೂಡಿದಾರ್ ಹಾಕಿಕೊಂಡು ನಮ್ಮ ಗುಂಪಿನ ಮುಂದೆ ಬಂದು ನಿಂತರು. ಅವರಿಗೆ ಸೈಕಲ್ ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಹುಡುಗಿಯಾಗಿದ್ದಾಗ ಗಂಡಸರ ಸೈಕಲ್ಲಿಗೆ ಎರಡು ಕಡೆ ಹಾಲಿನ ಕ್ಯಾನು ಕಟ್ಟಿಕೊಂಡು ರಾಜಾಜಿನಗರದ ಮನೆಮನೆಗೆ ಹಾಲು ಹಾಕುತ್ತಿದ್ದರಂತೆ. ತಿಂಗಳೊಳಗೆ ಏರಿನಲ್ಲಿ ನನ್ನನ್ನು ಹಿಂದೆ ಹಾಕತೊಡಗಿದರು. ಹಿಂದೆ ಹಾಕಿ ಸುಮ್ಮನೆ ಹೋಗುತ್ತಿದ್ದರೆ? ತಿರುಗಿ, "ಏನಮ್ಮ, ಸೈಕಲ್ ಹೊರೋದು ಮಾತ್ರ ಬರುತ್ತಾ, ತುಳಿಯೋದು ಬರಲ್ವಾ?" ಎನ್ನುತ್ತಿದ್ದರು. ಉಳಿದವರು ನಗುತ್ತಿದ್ದರು. ನನಗಿದ್ದ ಒಂದು ಗಂಟೆಯ ನೆಮ್ಮದಿಯೊಳಕ್ಕೂ ಬಂದು ಕೂತರಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಡಿಸೆಂಬರಿನ ಮೊದಲ ವಾರಕ್ಕೆಂದು ಎರಡು ತಿಂಗಳ ಮುಂಚೆಯೇ ಮೇಡಂ ಮೂರು ದಿನದ ಪ್ರವಾಸ ಹಾಕಿದರು. ಸೈಕಲ್‌ಗಳನ್ನು ಟೆಂಪೋದ ಮೇಲೆ ಕಟ್ಟಿ ಸಾಗರದವರೆಗೆ ಹೋಗುವುದು, ಅಲ್ಲಿಂದ ತುಳಿದು ಜೋಗ, ಮಾರನೆಯ ದಿನ ಗೇರುಸೊಪ್ಪೆ ಘಟ್ಟ ಇಳಿದು ಶರಾವತಿಯ ದಂಡೆ ಹಿಡಿದು ಹೊನ್ನಾವರ, ಅಲ್ಲಿ ಸಮುದ್ರ. ಆರು ಜನ ಹೊರಟೆವು. ಸರೋಜಮ್ಮ ಬರುತ್ತಾರೆಂದು ತಿಳಿದಾಗ ನಾನು ಹಿಂದೆ ಸರಿಯಬೇಕೆಂದಿದ್ದೆ. ಆದರೆ ಅವರ ಕಾರಣಕ್ಕೆ ಅಪ್ಪ ಒಮ್ಮೆ ಜಾಗ ಬಿಟ್ಟು ಹೋದದ್ದೇ ಸಾಕು ಅನಿಸಿತು.

ಮೊದಲ ದಿನ ಸಲೀಸಾಗಿ ಕಳೆಯಿತು. ಏರಿಳಿತದ ರಸ್ತೆ, ಎರಡೂ ಕಡೆ ಕಾಡು, ಚಳಿಯ ಬಿಸಿಲು. ಲಾಡ್ಜಿನಲ್ಲಿ ಮೇಡಂ ಚೀಟಿ ಹಾಕಿ ರೂಮು ಹಂಚಿದಾಗ ನನಗೂ ಸರೋಜಮ್ಮನವರಿಗೂ ಒಂದೇ ರೂಮು ಬಂತು. ಇಬ್ಬರೂ ಒಟ್ಟಿಗೇ ಆಗಲ್ಲ ಅಂದೆವು. ಅದೊಂದೇ ವಿಷಯದಲ್ಲಿ ಆ ವರ್ಷ ನಮ್ಮಿಬ್ಬರ ಮಾತು ಕೂಡಿದ್ದು.

ಎರಡನೆಯ ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಮುಂದಿನವರ ಸೈಕಲ್ಲಿನ ಕೆಂಪು ದೀಪ ಮಾತ್ರ ಕಾಣುತ್ತಿತ್ತು. ಮಾವಿನಗುಂಡಿ ದಾಟಿ, ಇಳಿಜಾರು ಶುರುವಾಗುವ ಮೊದಲು ಒಂದು ಗೂಡಂಗಡಿಯಲ್ಲಿ ಟೀಗೆ ನಿಂತೆವು. ಮಂಜು ಕರಗುವವರೆಗೆ ಕಾಯೋಣ ಎಂದರು ಮೇಡಂ. ಬೆಂಚಿನ ಮೇಲೆ ಕೂತು ಒಬ್ಬೊಬ್ಬರೂ ತಮಗೆ ಸೈಕಲ್ ಕಲಿಸಿದವರ ಮಾತು ತೆಗೆದರು. ಒಬ್ಬರಿಗೆ ಸೋದರಮಾವ, ಒಬ್ಬರಿಗೆ ಅಕ್ಕ. ನನ್ನ ಸರದಿ ಬಂದಾಗ "ನಮ್ಮಪ್ಪ" ಅಂದೆ. ಆ ಮಾತು ಬಾಯಿಂದ ಬರಬಾರದಿತ್ತು, ಬಂದುಬಿಟ್ಟಿತು.

ಸರೋಜಮ್ಮ ಟೀ ಆರಿಸಿಕೊಳ್ಳುತ್ತ, "ಓ, ಅವ್ರಾ?" ಅಂದರು. "ಬೇಸಿಗೇಲಿ ನಮ್ಮನೇಲಿ ಠಿಕಾಣಿ ಹಾಕಿದ್ರಲ್ಲ. ಮೆಟ್ಲ ಮೇಲಿನ ಬೀಡಿ ವಾಸ್ನೆ ಇನ್ನೂ ಹೋಗಿಲ್ಲಮ್ಮ. ಮತ್ತೆ ಯಾವಾಗ ಬರ್ತಾರಂತೆ? ಮೊದ್ಲೇ ಹೇಳು, ನೀರಿನ ಟ್ಯಾಂಕರ್‌ಗೆ ಹೇಳಿಡ್ತೀನಿ."

ಯಾರೋ ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ, ಅವರಿಗೆ ಗೊತ್ತಿರಲಿಲ್ಲ. ಸರೋಜಮ್ಮನವರಿಗೂ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲವಲ್ಲ. ಅದನ್ನೆಲ್ಲ ತೂಗಿನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಲೋಟವನ್ನು ಬೆಂಚಿನ ಮೇಲಿಟ್ಟು ಸೈಕಲ್ ಹತ್ತಿರ ಹೋಗಿ ನಿಂತೆ.

ಹೊರಡುವಾಗ ಮೇಡಂ ಸಾಲು ಹೇಳಿದರು. ತಾವು ಮುಂದೆ, ನಾನು ಎರಡನೆಯವಳು, ನನ್ನ ಹಿಂದೆ ಸರೋಜಮ್ಮ, ಆಮೇಲೆ ಉಳಿದವರು, ಕೊನೆಗೆ ಟೆಂಪೋ.

"ಇವಳ ಹಿಂದೆ ಹೋದ್ರೆ ನಾಳೆ ತಲುಪ್ತೀವಿ" ಅಂದರು ಸರೋಜಮ್ಮ.

"ಅದಕ್ಕೇ ಹಾಕಿರೋದು ಸರೋಜಮ್ಮ. ನೀವು ಇಳಿಜಾರಲ್ಲಿ ಬ್ರೇಕೇ ಹಿಡಿಯಲ್ಲ" ಅಂದರು ಮೇಡಂ.

ಘಟ್ಟದ ರಸ್ತೆ ಒಂದರ ಮೇಲೊಂದು ತಿರುವಾಗಿ ಇಳಿಯುತ್ತದೆ. ಮಂಜು ಹರಿದಿತ್ತು. ಎಡಕ್ಕೆ ಪ್ರಪಾತ, ಮರಗಳ ಸಂದಿನಲ್ಲಿ ಎಲ್ಲೋ ಕೆಳಗೆ ನದಿಯ ಒಂದು ಚೂರು ಹೊಳೆದು ಮಾಯವಾಗುತ್ತಿತ್ತು. ಕಿವಿಯಲ್ಲಿ ಗಾಳಿ, ಗಾಳಿಯ ಒಳಗೆ ಆ ಬೀಡಿಯ ಮಾತು. ನಾಲ್ಕನೆಯದೋ ಐದನೆಯದೋ ತಿರುವಿನಲ್ಲಿ ಟಾರಿನ ವಾಸನೆ ಬಂತು. ರಸ್ತೆ ರಿಪೇರಿ ನಡೆಯುತ್ತಿತ್ತು. ಮೇಡಂ ಬಲಕ್ಕೆ ಸರಿದು ಎಡಗೈ ಮೇಲೆತ್ತಿದರು. ಆಗ ನನಗೂ ಕಾಣಿಸಿತು. ತಿರುವಿನ ಎಡಬದಿಯಿಂದ ಮುಕ್ಕಾಲು ಪಾಲು ಒದ್ದೆ ಜಲ್ಲಿ ಹರಡಿತ್ತು. ಬಲಕ್ಕೆ ಒಂದು ಸೈಕಲ್ ಹೋಗುವಷ್ಟು ಟಾರು ಮಾತ್ರ ಬಿಟ್ಟಿತ್ತು.

ನಾನು ಎಡಗೈಯನ್ನು ಹ್ಯಾಂಡಲಿನಿಂದ ಬಿಟ್ಟೆ. ಗೇಣುದ್ದ ಎತ್ತಿದ್ದೆನೋ ಏನೋ. ಮತ್ತೆ ಹ್ಯಾಂಡಲಿನ ಮೇಲೆ ಇಟ್ಟೆ.

ಇಳಿಜಾರಿನಲ್ಲಿ ಒಂದೇ ಕೈಯಲ್ಲಿ ಹಿಡಿತ ತಪ್ಪೀತೆಂದು ಇಟ್ಟೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡದ್ದುಂಟು. ಸುಳ್ಳು. ಹಿಡಿತ ಚೆನ್ನಾಗಿತ್ತು. ಕೂಗಬಹುದಿತ್ತು, ಕೂಗಲಿಲ್ಲ. ಹಿಂದೆ ಯಾರಿದ್ದಾರೆಂದು ನನಗೆ ನೆನಪಿತ್ತು, ಅದಕ್ಕೇ ಇಟ್ಟೆ. ಬೀಳಲಿ ಎಂದು ನಾನು ಅಂದುಕೊಂಡೆನೇ? ಅಂದುಕೊಳ್ಳುವಷ್ಟು ಹೊತ್ತು ಇರಲಿಲ್ಲ. ಆದರೆ ಕೈ ಇಟ್ಟವಳು ನಾನೇ. ನಾನು ಬಲಕ್ಕೆ ಸರಿದು ಟಾರಿನ ಪಟ್ಟಿಯ ಮೇಲೆ ಪಾರಾದೆ. ಹಿಂದೆ ಚರ್ರೆಂದು ಟಯರು ಜಾರುವ ಸದ್ದು, ಕಬ್ಬಿಣ ಕಲ್ಲಿಗೆ ಉಜ್ಜಿದ ಸದ್ದು, ಆಮೇಲೆ ಒಂದು ಸಣ್ಣ "ಅವ್ವಾ" ಎಂಬ ದನಿ.

ಸೈಕಲ್ ಒಂದು ಕಡೆ ಬಿದ್ದಿತ್ತು, ಅವರು ತಡೆಗೋಡೆಯ ಬುಡಕ್ಕೆ ಹೊಡೆದುಕೊಂಡು ಒಂದು ಮಗ್ಗುಲಿಗೆ ಬಿದ್ದಿದ್ದರು. ಎಡಗಾಲು ತಿರುಗಬಾರದ ದಿಕ್ಕಿಗೆ ಹೊರಳಿತ್ತು. ರಸ್ತೆ ಕೆಲಸದವರು ಓಡಿ ಬಂದರು. ಅವರಲ್ಲಿ ಉತ್ತರ ಕರ್ನಾಟಕದ ಕಡೆಯ ಒಬ್ಬ ಹೆಂಗಸು, ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಸರೋಜಮ್ಮನವರ ತಲೆಯ ಕೆಳಗಿಟ್ಟಳು. ಜಲ್ಲಿಯ ಕಡೆ ಕೈ ತೋರಿಸಿ ನಮ್ಮನ್ನು ಬೈದಳು.

"ಅಷ್ಟ್ ದೂರದಿಂದ ಕಾಣತೈತಿ ಖಡಿ. ಮುಂದ್ ಹೋದಾಕಿಗೆ ಕಣ್ಣಿರಲಿಲ್ಲೇನ್?"

ಮೇಡಂ ನನ್ನ ಕಡೆ ತಿರುಗಿದರು. "ಗೀತಾ, ನಾನು ಕೈ ಎತ್ತಿದ್ದು ನೋಡಿದ್ಯಾ?"

"ನೋಡಿದೆ ಮೇಡಂ."

"ನೀನು ಎತ್ತಿದ್ಯಾ?"

"ಎತ್ತಿದೆ."

ಹಿಂದಿದ್ದವರಿಗೆ ತಿರುವಿನಿಂದಾಗಿ ನಾನು ಕಂಡಿರಲಿಲ್ಲ. ಅವರು ಏನೂ ಹೇಳುವಂತಿರಲಿಲ್ಲ. ಸರೋಜಮ್ಮ ಕಣ್ಣು ಬಿಟ್ಟುಕೊಂಡು ಆಕಾಶ ನೋಡುತ್ತಿದ್ದರು.

ಟೆಂಪೋದ ಹಿಂದಿನ ಉದ್ದ ಸೀಟಿನಲ್ಲಿ ಅವರನ್ನು ಮಲಗಿಸಿದೆವು. ಆಸ್ಪತ್ರೆಯ ಕೆಲಸ ಗೊತ್ತಿದ್ದವಳು ನಾನೊಬ್ಬಳೇ. ಹಾಗಾಗಿ ಕಾಲಿಗೆ ಸೈಕಲ್ ಪಂಪನ್ನೇ ದಬ್ಬೆ ಕೊಟ್ಟು ದುಪಟ್ಟಾ ಕಟ್ಟಿದವಳೂ ನಾನೇ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳೂ ನಾನೇ. ಘಟ್ಟ ಮುಗಿದ ಮೇಲೆ ಕಿಟಕಿಯಲ್ಲಿ ಶರಾವತಿ ಬಂತು. ನಾವು ತುಳಿದುಕೊಂಡು ಹೋಗಬೇಕಿದ್ದ ದಂಡೆ ಅದೇ. ಹಸಿರು ನೀರು, ಮಧ್ಯದಲ್ಲಿ ತೆಂಗು ತುಂಬಿದ ನಡುಗಡ್ಡೆಗಳು, ಒಂದು ದೋಣಿ. ಇದನ್ನು ನೋಡಲೆಂದು ಎರಡು ತಿಂಗಳು ಬೆವರು ಸುರಿಸಿದ್ದೆವು. ಟೆಂಪೋ ಕುಲುಕಿದಾಗೆಲ್ಲ ಅವರು ಹಲ್ಲು ಕಚ್ಚುತ್ತಿದ್ದರು. ಹಿಡಿದುಕೊಳ್ಳಲು ನನ್ನ ಕೈ ಹತ್ತಿರದಲ್ಲೇ ಇತ್ತು. ಅವರು ಸೀಟಿನ ಕಬ್ಬಿಣ ಹಿಡಿದುಕೊಂಡರು.

ಸಮುದ್ರದ ಹತ್ತಿರದ ಆಸ್ಪತ್ರೆಗೆ ಸೇರಿಸಿದೆವು. ಎಕ್ಸ್‌ರೇಯಲ್ಲಿ ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು. ಸಕ್ಕರೆ ಇಳಿಸದೆ ಆಪರೇಷನ್ ಆಗುವುದಿಲ್ಲ ಎಂದರು. ಮಗಳು ಮೈಸೂರಿನಿಂದ ಬರುವುದು ಮಾರನೆಯ ದಿನ. ಜೊತೆಗೆ ಒಬ್ಬರೇ ಇರಬಹುದು ಎಂದಾಗ ಎಲ್ಲರೂ ನನ್ನನ್ನೇ ನೋಡಿದರು. ಒಂದೇ ಮನೆಯವಳು, ಆಸ್ಪತ್ರೆ ಗೊತ್ತಿರುವವಳು. ಸರೋಜಮ್ಮ, "ಬೇಡ, ಮಂಗಳಮ್ಮ ಇರಲಿ" ಅಂದರು. ನೋವಿನಲ್ಲಿ ಹಟ ಮಾಡುತ್ತಿದ್ದಾರೆ ಎಂದುಕೊಂಡು ಯಾರೂ ಕೇಳಲಿಲ್ಲ.

ಆ ಮಧ್ಯಾಹ್ನ ವಾರ್ಡಿನಲ್ಲಿ ಸೆಕೆ. ಮೀನಿನ ವಾಸನೆ ಹೊತ್ತ ಗಾಳಿ ಕಿಟಕಿಯಿಂದ ಬರುತ್ತಿತ್ತು. ನೀರು ಕೊಟ್ಟೆ, ತುಟಿ ಬಿಗಿಹಿಡಿದು ಮುಖ ತಿರುಗಿಸಿದರು. ನರ್ಸ್ ಬಂದು ಕೊಟ್ಟಾಗ ಗಟಗಟ ಕುಡಿದರು. ಬೆಡ್‌ಪ್ಯಾನ್ ಇಡಲು ಹೋದರೆ, ಆಯಾಳೇ ಬರಲಿ ಎಂದರು. ಸಂಜೆಯಾಗುತ್ತ ಬಂದಾಗ ಗೋಡೆಯ ಕಡೆ ಮುಖ ಮಾಡಿಕೊಂಡೇ ಮಾತಾಡಿದರು.

"ನೀವು ಕೈ ಎತ್ತಕ್ಕೆ ಹೋದ್ರಿ. ನೋಡಿದೆ ನಾನು."

ಮೂರು ವರ್ಷ ನನ್ನನ್ನು ನೀನು ಎಂದವರು ಅವತ್ತು ಮೊದಲ ಸಲ ನೀವು ಎಂದರು.

"ಎತ್ತಕ್ಕೆ ಹೋಗಿ ಮತ್ತೆ ಇಟ್ಟುಬಿಟ್ರಿ. ಓ, ಏನೂ ಇಲ್ಲ ಅಂದ್ಕೊಂಡೆ. ಬ್ರೇಕ್ ಹಿಡಿಯೋಕೆ ಹೋದವಳು ಬಿಟ್ಟೆ. ನೀವು ಕೈ ಅಲ್ಲಾಡಿಸದೇ ಇದ್ದಿದ್ರೂ ನಾನು ಹುಷಾರಾಗಿರ್ತಿದ್ದೆ."

"ಹಿಡಿತ ತಪ್ತಿತ್ತು ಆಂಟಿ, ಅದಕ್ಕೆ..."

"ಸುಳ್ಳು ಹೇಳ್ಬೇಡಿ. ನಿಮ್ಮ ಬೆನ್ನು ನೋಡ್ಕೊಂಡೇ ಬಂದಿದೀನಿ ಅಷ್ಟು ದೂರ."

ಮಾರನೆಯ ದಿನ ಮಗಳು ಬಂದಳು. ನನ್ನ ಎರಡೂ ಕೈ ಹಿಡಿದು, "ಅಕ್ಕಾ, ನೀವಿಲ್ಲದಿದ್ರೆ ನಮ್ಮಮ್ಮನ ಗತಿ ಏನಾಗ್ತಿತ್ತೋ" ಎಂದು ಅತ್ತಳು. ಮಂಚದ ಮೇಲಿನಿಂದ ಸರೋಜಮ್ಮ ಅದನ್ನು ನೋಡುತ್ತಿದ್ದರು. ಅವರು ಏನಾದರೂ ಹೇಳಲಿ ಎಂದು ನಾನು ಕಾದೆ. ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

ಆಪರೇಷನ್ ಆದ ಮೇಲೆ ಬೆಂಗಳೂರಿಗೆ ಅವರನ್ನು ಆಂಬುಲೆನ್ಸಿನಲ್ಲಿ ತಂದರು. ಹೊಸ ವರ್ಷ ಬಂದಾಗ ವಾಕರ್ ಹಿಡಿದು ಅಡುಗೆಮನೆಯವರೆಗೆ ನಡೆಯುತ್ತಿದ್ದರು. ಕಾಲು ಒಂದು ಕಡೆ ಎಳೆಯುತ್ತಿತ್ತು. ಅದು ಹಾಗೇ ಉಳಿಯುತ್ತದೆಂದು ಡಾಕ್ಟರು ಹೇಳಿದ್ದರು. ಒಂದು ಭಾನುವಾರ ಗುಂಪಿನವರೆಲ್ಲ ನೋಡಲು ಬಂದರು. ಮೇಲಿನಿಂದ ನನ್ನನ್ನೂ ಕರೆದರು. ಹಣ್ಣು ಕೊಟ್ಟು, ಆ ಮಾತು ಈ ಮಾತು ಆಡಿ, ಒಬ್ಬರು ಅಂದರು, "ಆಂಟಿ, ಇಳಿಜಾರಲ್ಲಿ ಸ್ಪೀಡ್ ಬೇಡ ಅಂತ ಮೇಡಂ ಎಷ್ಟು ಸಲ ಹೇಳಿದ್ರು. ಗೀತಾ ಸಿಗ್ನಲ್ ಕೊಟ್ಟಿದ್ದೂ ನೋಡ್ಲಿಲ್ಲ ನೀವು."

ಸರೋಜಮ್ಮ ನನ್ನನ್ನೇ ನೋಡುತ್ತ, "ಹೌದಮ್ಮ, ನಂದೇ ತಪ್ಪು" ಅಂದರು.

ಅವರೆಲ್ಲ ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. "ಯಾಕೆ ಹಾಗಂದ್ರಿ?" ಎಂದು ಕೇಳಿದೆ.

"ಮತ್ತೇನನ್ಲಿ? ನಮ್ಮನೆ ಬಾಡಿಗೆಯವಳ ಕೈ ನಂಬಿ ಬಿದ್ದೆ ಅಂತ ಊರೋರ ಮುಂದೆ ಹೇಳ್ಕೊಳ್ಳೋಕೆ ನಂಗೆ ನಾಚಿಕೆ." ವಾಕರ್ ಎಳೆದುಕೊಂಡು ಎದ್ದರು. "ತಿಂಗಳ ಕೊನೆಗೆ ಮನೆ ಖಾಲಿ ಮಾಡಿ."

ಅವತ್ತು ಮಲ್ಲಿಕಾರ್ಜುನ ಅವರಿಗೆ ಎಲ್ಲ ಹೇಳಿದೆ. "ನಿಮ್ಮಪ್ಪ ಇದ್ದಿದ್ರೆ ಏನಂತಿದ್ರು?" ಎಂದು ಮಾತ್ರ ಕೇಳಿದರು. ಆ ಪ್ರಶ್ನೆಗೆ ನನಗೆ ಅವರ ಮೇಲೂ ಸಿಟ್ಟು ಬಂತು. ಮೂರು ದಿನ ತಡೆದೆ. ನಾಲ್ಕನೆಯ ಬೆಳಿಗ್ಗೆ ಗುಂಪು ಹೊರಡುವ ಜಾಗಕ್ಕೆ ಸೈಕಲ್ ಇಲ್ಲದೆ ನಡೆದುಕೊಂಡು ಹೋಗಿ, ಮೇಡಂಗೆ ಎಲ್ಲರ ಮುಂದೆಯೇ ಹೇಳಿದೆ. ಎತ್ತಿದೆ ಎಂದದ್ದು ಸುಳ್ಳು, ಎತ್ತಲು ಹೋದವಳು ಬೇಕೆಂದೇ ಇಟ್ಟೆ. ಅಪ್ಪನ ವಿಷಯ ಹೇಳಲಿಲ್ಲ. ಹೇಳಿದ್ದರೆ ಯಾರಿಗಾದರೂ ಅಯ್ಯೋ ಅನಿಸುತ್ತಿತ್ತು, ಅದು ನನಗೆ ಬೇಡವಾಗಿತ್ತು.

ಮೇಡಂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಇಪ್ಪತ್ತೆಂಟು ವರ್ಷ ಮಕ್ಕಳನ್ನ ಸಾಲಲ್ಲಿ ನಿಲ್ಲಿಸಿದೀನಿ. ಇಂಥದ್ದು ಯಾವ ಮಗೂನೂ ಮಾಡಿರ್ಲಿಲ್ಲ" ಅಂದರು. "ಹೋಗಿ. ಇನ್ನು ಬರ್ಬೇಡಿ." ಉಳಿದವರು ದಾರಿ ಬಿಟ್ಟು ಪಕ್ಕಕ್ಕೆ ಸರಿದರು, ನನ್ನ ಮೈ ತಾಕಬಾರದು ಎನ್ನುವಂತೆ. ಆಮೇಲೆ ಅವರಲ್ಲಿ ಇಬ್ಬರು ರಕ್ತ ಪರೀಕ್ಷೆಗೆ ನಮ್ಮ ಕ್ಲಿನಿಕ್ಕಿಗೆ ಬರುವುದನ್ನೇ ಬಿಟ್ಟರು.

ತಿಂಗಳ ಕೊನೆಗೆ ಸಾಮಾನು ಕಟ್ಟಿದೆವು. ಕೆಂಗೇರಿಯಲ್ಲಿ ಮನೆ ಸಿಕ್ಕಿತ್ತು. ಮಲ್ಲಿಕಾರ್ಜುನ ಲಗೇಜ್ ಆಟೋದ ಜೊತೆ ಮುಂದೆ ಹೋದರು, ನಾನು ಬೀಗದ ಕೈ ಕೊಡಲು ಉಳಿದೆ. ಸರೋಜಮ್ಮ ವಾಕರ್ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ, ಖಾಲಿ ಮನೆ ನೋಡಲು ಮೇಲೆ ಬಂದರು. ನಾನು ಹಿಡಿದುಕೊಳ್ಳಲು ಹೋದಾಗ ಬೇಡವೆಂದು ತಲೆ ಅಲ್ಲಾಡಿಸಿದರು.

"ಗೋಡೆಗೆ ಎಷ್ಟು ಮೊಳೆ ಹೊಡೆದಿದೀರ. ಇದೇನು ಗೋಡೆನೋ ಜರಡಿನೋ" ಅಂದರು. ಅಡುಗೆಮನೆಯ ನಲ್ಲಿ ತಿರುಗಿಸಿ ನೋಡಿದರು. ಬಾತ್‌ರೂಮಿನ ಬಾಗಿಲು ಎಳೆದು ನೋಡಿದರು. ಕೊನೆಗೆ ನಾವು ಬಿಟ್ಟುಹೋಗುತ್ತಿದ್ದ ಹಳೆಯ ಕುರ್ಚಿಯ ಮೇಲೆ ಕೂತು ಉಸಿರು ತೆಗೆದುಕೊಂಡರು. "ಮಂಗಳಮ್ಮ ಬಂದಿದ್ರು. ನೀವೇ ಹೋಗಿ ಹೇಳಿದ್ರಂತೆ."

"ಹೌದು."

"ಯಾಕೆ ಮಾಡಿದ್ರಿ ಅಂತ ಹೇಳ್ಲಿಲ್ವಂತೆ."

ಆಗ ಹೇಳಿದೆ. ಭಾನುವಾರದ ಮಾತು, ಅಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಇಳಿದದ್ದು, ಆಗದೇ ಉಳಿದ ಸ್ಕ್ಯಾನಿಂಗ್, ಆಷಾಢ. ಅಷ್ಟು ಹೊತ್ತೂ ಅವರು ನೆಲ ನೋಡುತ್ತಿದ್ದರು. ಕೆಳಗೆ ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು.

"ತೀರ್ಕೊಂಡಿದ್ದು ನಂಗೆ ಯಾರು ಹೇಳಿದ್ರು?" ಅಂದರು.

"ಯಾರೂ ಹೇಳ್ಲಿಲ್ಲ. ನಾನೇ ಹೇಳ್ಬಾರ್ದು ಅಂದ್ಕೊಂಡೆ."

"ಗೊತ್ತಿದ್ರೆ ಟೀ ಅಂಗಡೀಲಿ ಆ ಮಾತು ಆಡ್ತಿರ್ಲಿಲ್ಲ." ವಾಕರ್ ಹತ್ತಿರಕ್ಕೆ ಎಳೆದುಕೊಂಡು, "ಮನೇಲಿ ಅಂದಿದ್ದು ಅಂದಿದ್ದೇ. ಅದನ್ನ ಇಲ್ಲ ಅನ್ನಲ್ಲ. ನನ್ನ ನಾಲಿಗೆ ಹಾಗೇ" ಅಂದರು.

ಕ್ಷಮಿಸಿ ಎನ್ನುತ್ತಾರೇನೋ ಎಂದು ಒಂದು ಕ್ಷಣ ಕಾದೆ. ನಾನೂ ಆ ಮಾತನ್ನು ಹೇಳಲು ಬಾಯಿ ತೆರೆದಿದ್ದೆ. ಅವರು ಬೀಗದ ಕೈಗೆ ಅಂಗೈ ಚಾಚಿದರು. ಕೊಟ್ಟೆ. ವಾಕರ್ ಮೇಲೆ ಭಾರ ಹಾಕಿ ಎದ್ದು ನಿಂತು, ಅಷ್ಟು ತಿಂಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿ ಸಮಾಧಾನವಾಗಿ ಮಾತಾಡಿದರು.

"ನಿಮ್ಮನ್ನ ಕಂಡ್ರೆ ನಂಗೂ ಆಗ್ತಿರ್ಲಿಲ್ಲ. ಈಗ್ಲೂ ಆಗಲ್ಲ. ಆದ್ರೆ ಅವತ್ತು ನಾನು ಮುಂದಿದ್ದು ನೀವು ಹಿಂದಿದ್ದಿದ್ರೆ ನಾನು ಕೈ ಎತ್ತಿರ್ತಿದ್ದೆ."

"ಗೊತ್ತು ಆಂಟಿ."

"ಗೊತ್ತಿದ್ರೆ ಸಾಕು. ಗೇಟು ಹಾಕ್ಕೊಂಡು ಹೋಗಿ."

ಗೇಟು ಹಾಕಿಕೊಂಡು ಬಂದೆ.